ಟ್ರಾಮಿಗೆ ಟವೆಲ್ ಹಾಕಿದ್ದು

ಮೊನ್ನೆ ಅಫಜಲಪುರದಲ್ಲಿ ಒಂದು ಮದುವೆಗೆ ಹೋಗಿದ್ದೆವು. ಮೊದಲ ಪಂಕ್ತಿಯವರು ಇನ್ನೂ ಮಜ್ಜಿಗೆ ಕುಡಿಯುತ್ತಿದ್ದರು. ಫ್ಯಾನಿನ ಕೆಳಗಿನ ಕುರ್ಚಿಯಿಂದ ಒಬ್ಬರು ಎದ್ದದ್ದೇ ತಡ, ನಾನು ಬಾಗಿಲಲ್ಲೇ ನಿಂತು ಕೈಯಲ್ಲಿದ್ದ ದಸ್ತಿಯನ್ನು, ಅಂದರೆ ಕರವಸ್ತ್ರವನ್ನು, ಗುರಿಯಿಟ್ಟು ಒಗೆದೆ. ಅದು ಇಬ್ಬರ ತಲೆಯ ಮೇಲಿಂದ ಹಾರಿ ಕುರ್ಚಿಯ ನಟ್ಟನಡುವೆ ಬಿತ್ತು. ನಮ್ಮ ಯಜಮಾನರು ನನಗೂ ತಮಗೂ ಸಂಬಂಧವೇ ಇಲ್ಲ ಎಂಬಂತೆ ಹಂದರದ ಕಡೆ ನೋಡತೊಡಗಿದರು.

“ಸಾಲಿ ಟೀಚರ್ ಇದ್ದಿ ನೀ. ಮಂದಿ ನೋಡಾಕತ್ತಾರ” ಎಂದು ಹಲ್ಲು ಕಚ್ಚಿಕೊಂಡು ಹೇಳಿದರು.

“ನೋಡ್ಲಿ ಬಿಡ್ರಿ. ಕುರ್ಚಿ ಸಿಕ್ತೋ ಇಲ್ಲೋ, ಅದು ಹೇಳ್ರಿ” ಎಂದೆ.

ಸಿಕ್ಕಿತು. ಸಿಗದೆ ಏನು? ನಾನು ಆಳಂದದ ಬಸ್ ಸ್ಟ್ಯಾಂಡಿನಲ್ಲಿ ಬೆಳೆದವಳು. ಅಲ್ಲಿ ಬಸ್ಸು ಬಂದು ನಿಲ್ಲುವ ಮೊದಲೇ ಕಿಟಕಿಗಳ ಒಳಗೆ ಟವೆಲ್ಲುಗಳು ಬೀಳುತ್ತಿದ್ದವು. ಬಾಗಿಲಿನ ಹತ್ತಿರ ಗುದ್ದಾಡುವವರು ಪರ ಊರಿನವರು, ಪಾಪ, ರೀತಿ ಗೊತ್ತಿಲ್ಲದವರು. ಬಲ್ಲವರು ಕಿಟಕಿಯಿಂದ ಟವೆಲ್ ಒಗೆದು, ಚಹಾದಂಗಡಿಗೆ ಹೋಗಿ, ಡ್ರೈವರ್ ಸಾಹೇಬರ ಪಕ್ಕದಲ್ಲೇ ಕೂತು ಚಹಾ ಕುಡಿದು, ಅವರ ಬೆನ್ನ ಹಿಂದೆಯೇ ಬಂದು ತಮ್ಮ ಸೀಟಿನಲ್ಲಿ ಕೂಡುತ್ತಿದ್ದರು. ಒಮ್ಮೆ ಬಿದ್ದ ಟವೆಲ್ಲನ್ನು ತಹಶೀಲ್ದಾರರು ಬಂದರೂ ಸರಿಸುವಂತಿರಲಿಲ್ಲ. ಯಾವ ಕಾನೂನಿನ ಪುಸ್ತಕದಲ್ಲೂ ಇದು ಇಲ್ಲ, ಆದರೆ ಪುಸ್ತಕದಲ್ಲಿರುವ ಕಾನೂನುಗಳಿಗಿಂತ ಇದಕ್ಕೆ ಹೆಚ್ಚು ಬೆಲೆ ಇತ್ತು.

ಟವೆಲ್ಲೇ ಆಗಬೇಕೆಂದೇನೂ ಇಲ್ಲ. ಛತ್ರಿ ನಡೆಯುತ್ತಿತ್ತು, ರೊಟ್ಟಿಯ ಗಂಟು ನಡೆಯುತ್ತಿತ್ತು. ಹಿರೋಳ್ಳಿಯ ಕಡೆಯ ಒಬ್ಬ ಅಜ್ಜ ಯಾವಾಗಲೂ ತನ್ನ ತಲೆಯ ರುಮಾಲನ್ನೇ ಬಿಚ್ಚಿ ಒಗೆಯುತ್ತಿದ್ದ. ಅದು ಬಿಚ್ಚಿಕೊಂಡು ಮೂರು ಸೀಟುಗಳ ಮೇಲೆ ಹರಡಿದರೆ ಮೂರೂ ಅವನವೇ. ನನ್ನನ್ನೇ ಒಮ್ಮೆ ಒಗೆದಿದ್ದಾರೆ. ನಾನಾಗ ಬಹಳ ಸಣ್ಣವಳು. ಮಾದನಹಿಪ್ಪರಗಾದ ಬಸ್ಸಿಗೆ ವಿಪರೀತ ಮಂದಿ. ಅವ್ವ ನನ್ನ ಎರಡೂ ತೋಳು ಹಿಡಿದು ಕಿಟಕಿಯಿಂದ ಒಳಗೆ ತೂರಿಸಿ, “ಅಡ್ಡ ಮಲಕೋ ಬೇ! ಯಾರರೆ ಬಂದ್ರ ಚೀರು!” ಎಂದಳು. ಅಡ್ಡ ಮಲಗಿ ಎಂಥ ಚೀರು ಚೀರಿದೆನೆಂದರೆ ಆ ಸೀಟಿರಲಿ, ಹಿಂದಿನ ಸೀಟಿಗೂ ಯಾರೂ ಬರಲಿಲ್ಲ. ಅವ್ವ ಇವತ್ತಿಗೂ ಆ ಮಾತನ್ನು ಹೆಮ್ಮೆಯಿಂದ ಹೇಳುತ್ತಾಳೆ.

ಇಷ್ಟೆಲ್ಲ ಯಾಕೆಂದರೆ ಒಂದು ಬಸ್ಸು ಹೋದರೆ ಮುಂದಿನದು ಯಾವಾಗ ಎಂಬುದು ಶಿವನಿಗೇ ಗೊತ್ತು. ಜೇವರ್ಗಿಗೆ ಲಗ್ನಕ್ಕೆಂದು ಹೊರಟವರು ಬಸ್ಸು ತಪ್ಪಿ, ತೊಟ್ಟಿಲ ಕಾರ್ಯಕ್ಕೆ ಮುಟ್ಟಿದರು ಎಂದು ನಮ್ಮಲ್ಲಿ ಚಾಷ್ಟಿ ಮಾಡುತ್ತಾರೆ. ಚಾಷ್ಟಿಯೇನೋ ಸರಿ, ಆದರೆ ಬಸ್ ಸ್ಟ್ಯಾಂಡಿನಲ್ಲಿ ನಿಂತ ನಮ್ಮ ಮುಖಗಳನ್ನು ನೋಡಿದ್ದರೆ ನಿಮಗೆ ನಗು ಬರುತ್ತಿರಲಿಲ್ಲ. ಎಲ್ಲರೂ ಎಲ್ಲರಿಗೂ ವೈರಿಗಳು. ಬಸ್ಸಿನೊಳಗೆ ಕೂತ ಮೇಲೆ ಅದೇ ಮಂದಿ ಶೇಂಗಾ ಹಂಚಿಕೊಂಡು ತಿನ್ನುತ್ತಿದ್ದರು, ಅದು ಬೇರೆ ಮಾತು.

ಈ ಬಸ್ಸುಗಳ ದೆಸೆಯಿಂದಲೇ ನಮ್ಮ ಸಾಲಿಯ ಖೋ ಖೋ ತಂಡಕ್ಕೆ ಸುಗಲಾ ಸಿಕ್ಕಿದಳು. ಸುಗಲಾ ನನ್ನ ಗೆಳತಿ. ದಿನಾ ಮಾದನಹಿಪ್ಪರಗಾದಿಂದ ಆಳಂದದ ಹೈಸ್ಕೂಲಿಗೆ ಬರುತ್ತಿದ್ದಳು. ಒಂದು ಸಂಜೆ ಹೊರಟೇಬಿಟ್ಟಿದ್ದ ಬಸ್ಸಿನ ಹಿಂದೆ ಲಂಗ ಎತ್ತಿ ಕಟ್ಟಿ ಓಡಿ, ಹಿಂದಿನ ಏಣಿಯನ್ನು ಹಿಡಿದು ಜೋತುಬಿದ್ದಳು. ಚಹಾದಂಗಡಿಯಲ್ಲಿದ್ದ ನಮ್ಮ ಆಟದ ಮಾಸ್ತರು ಕರೀಂ ಸರ್ ಗ್ಲಾಸು ಕೆಳಗಿಟ್ಟು ಎದ್ದು ನಿಂತರಂತೆ. ಮರುದಿನ ಅವಳನ್ನು ಕರೆದು, “ಬಸ್ ಹಿಡ್ದ ಆ ಕಾಲು ನನಗ ಬೇಕು ಬೇ. ನಾಳಿಂದ ಖೋ ಖೋಗ ಬಾ” ಎಂದರು. ನಾನು ಅವಳ ಬಾಲವಾಗಿ ಹೋದೆ. ನನ್ನ ಕಾಲಲ್ಲಿ ಅಂಥದ್ದೇನೂ ಇರಲಿಲ್ಲ. ಬಾಯಿ ಇತ್ತು. ‘ಖೋ’ ಎಂದು ಕೂಗಲು ಅದೂ ಬೇಕಲ್ಲ!

ಖೋ ಖೋ ನಿಮಗೆಲ್ಲ ಗೊತ್ತಿರುವುದೇ. ಒಂದು ಕಡೆಯವರು ಸಾಲಾಗಿ ಚೌಕಗಳಲ್ಲಿ ಕೂಡುತ್ತಾರೆ, ಒಬ್ಬಳು ಎದುರಿನವರನ್ನು ಅಟ್ಟಿಸಿಕೊಂಡು ಓಡುತ್ತಾಳೆ. ಸಾಲಿನ ಎರಡೂ ತುದಿಗೆ ಒಂದೊಂದು ಕಂಬ. ಅಟ್ಟುವವಳು ಒಮ್ಮೆ ಹಿಡಿದ ದಿಕ್ಕನ್ನು ಬಿಡುವಂತಿಲ್ಲ. ತಾನೇ ತಿರುಗಬೇಕೆಂದರೆ ಕಂಬ ಮುಟ್ಟಿಯೇ ತಿರುಗಬೇಕು. ಸುಗಲಾ ಸಿಟ್ಟಿನ ಹುಡುಗಿ, ನಡುವೆಯೇ ತಿರುಗಿಬಿಡುತ್ತಿದ್ದಳು. ಕರೀಂ ಸರ್ ತಲೆ ತಲೆ ಬಡಿದುಕೊಂಡು, “ಹಿಡ್ದ ದಿಕ್ಕ ಬಿಡಬ್ಯಾಡ! ಕಂಬ ಮುಟ್ಟು, ಆಮ್ಯಾಲ ತಿರುಗು!” ಎಂದು ಕೂಗುತ್ತಿದ್ದರು. ಆ ಮಾತು ನಮ್ಮ ಕನಸಿನಲ್ಲೂ ಕೇಳುತ್ತಿತ್ತು.

ನಾವು ಗೆಲ್ಲತೊಡಗಿದೆವು. ಅಫಜಲಪುರದವರನ್ನು ಸೋಲಿಸಿದೆವು, ಜೇವರ್ಗಿಯವರನ್ನು ಅವರ ಊರಲ್ಲೇ ಸೋಲಿಸಿದೆವು, ಹಾಗೇ ಮೇಲೆ ಮೇಲೆ ಹೋಗಿ ಕಡೆಗೆ ಹಳ್ಳಿ ಸಾಲಿಗಳ ದೊಡ್ಡ ಪಂದ್ಯಾಟಕ್ಕೆ ಕಲಕತ್ತೆಗೆ ಹೋಗುವುದೆಂದಾಯಿತು. ಆಗಲೇ ಸಿದ್ರಾಮಪ್ಪ ಸಾವ್ಕಾರ್ರು ಮೈದಾನಕ್ಕೆ ಬಂದರು. ಅವರು ಸಾಲಿ ಕಮಿಟಿಯ ಮುಖ್ಯಸ್ಥರು. ಮೈದಾನ ಅವರಪ್ಪ ಬಿಟ್ಟುಕೊಟ್ಟ ಜಾಗ. ಹಸಿರು ರೇಷ್ಮೆ ಅಂಚಿನ ವಲ್ಲಿ ಹೆಗಲ ಮೇಲೆ ಹಾಕಿಕೊಂಡು ಅವರು ಬಂದರೆಂದರೆ ಬಜಾರದಲ್ಲಿ ಕೂತವರು ಏಳುತ್ತಿದ್ದರು. ಆ ವಲ್ಲಿ ಬಸ್ಸಿನ ಸೀಟಿನ ಮೇಲೆ ಬಿದ್ದರೆ ಪಕ್ಕದ ಸೀಟಿನವರೂ ಎದ್ದುಬಿಡುತ್ತಿದ್ದರು.

“ಕರೀಂ ಮಾಸ್ತರ್, ಗಂಡುಡುಗ್ರು ಕ್ರಿಕೆಟ್ ಆಡಾಕ ಜಾಗಾ ಇಲ್ಲ ಅಂತ ನನ್ನ ಮನಿಗೆ ಬಂದು ಕುಂತಾರ. ನೀವು ಇಲ್ಲಿ ಹೆಣ್ಣುಡುಗ್ಯಾರನ್ನ ಚಡ್ಡಿ ಹಾಕಿ ಓಡಸಾಕತ್ತೀರಿ” ಎಂದರು.

“ಗೆಲ್ಲಾಕತ್ತಾರ್ರಿ ಸಾವ್ಕಾರ್ರ” ಎಂದರು ಕರೀಂ ಸರ್.

“ಗೆದ್ದು ಬರ್ಲಿ. ಗೆದ್ದು ಬಂದ್ರ ಮೈದಾನ ಇವರದು. ಸೋತು ಬಂದ್ರ ಮರುದಿನಾನೇ ಕಂಬ ಕಿತ್ತಸ್ತೀನಿ. ಆಮ್ಯಾಲ ಅಳಬಾರದು ನೋಡ್ರಿ.”

ಹೀಗೆ ನಾವು ಕಲಕತ್ತೆಗೆ ಹೊರಟದ್ದು ಕಪ್ಪಿಗಾಗಿ ಅಲ್ಲ, ನಮ್ಮ ಎರಡು ಕಂಬಗಳಿಗಾಗಿ. ಅವ್ವ ಹಳದಿ ಅಂಗಿಗಳನ್ನು ಹೊಲಿದು ಬೆನ್ನಿಗೆ ಕೆಂಪು ಬಟ್ಟೆಯ ನಂಬರು ಹಚ್ಚಿದಳು. ನಂಬರಿಲ್ಲದ ಅಂಗಿ ಹಾಕಿದರೆ ಆಡಲು ಬಿಡುವುದಿಲ್ಲ ಎಂದು ಸರ್ ಮೊದಲೇ ಹೇಳಿದ್ದರು. ಇದನ್ನು ನೆನಪಿಡಿ. ನಾನು ಮರೆತದ್ದರಿಂದಲೇ ಈ ಕಥೆ.

ಕಲಕತ್ತೆಯಲ್ಲಿ ನಮ್ಮನ್ನು ಇಳಿಸಿದ ಸಾಲಿಯ ಅಂಗಳದಲ್ಲೇ ಮೊದಲಿನ ಪಂದ್ಯಗಳು ನಡೆದವು. ಎಲ್ಲ ಗೆದ್ದೆವು. ಫೈನಲ್ ಮಾತ್ರ ಊರ ನಡುವಿನ ದೊಡ್ಡ ಮೈದಾನದಲ್ಲಿ, ಮಧ್ಯಾಹ್ನದ ಮೇಲೆ. ಬೆಳಿಗ್ಗೆ ಅಂಗಿಗಳನ್ನು ತೊಳೆದು ಹಾಕಿದರೆ ಆ ಊರಿನ ಮೋಡಕ್ಕೆ ಅವು ಒಣಗಲೇ ಇಲ್ಲ. ಹಸಿ ಅಂಗಿಗಳನ್ನೆಲ್ಲ ಅಪ್ಪನ ಕೆಂಪು ಚೌಕಡಿ ಟವೆಲ್ಲಿನಲ್ಲಿ ಗಂಟು ಕಟ್ಟಿ ನನ್ನ ಕೈಗೆ ಕೊಟ್ಟರು. “ಟ್ರಾಮಿನಾಗ ಹೋಗೂನು” ಎಂದರು ಸರ್.

ಟ್ರಾಮ್ ಎಂದರೇನೆಂದು ನಮಗೆ ಗೊತ್ತಿರಲಿಲ್ಲ. ಕೇಳಲು ಮರ್ಯಾದೆ ಅಡ್ಡ ಬಂತು. ರಸ್ತೆಯ ಬದಿಗೆ ನಿಂತೆವು. ಆಗ ನಡುಬೀದಿಯಲ್ಲಿ, ರಿಕ್ಷಾ, ಕೈಗಾಡಿ, ಮೀನಿನ ಬುಟ್ಟಿ ಹೊತ್ತ ಹೆಂಗಸರ ನಡುವೆ, ಠಣ್ ಠಣ್ ಎಂದು ಗಂಟೆ ಬಾರಿಸುತ್ತ ಎರಡು ಡಬ್ಬಿಯ ರೈಲೊಂದು ಬರತೊಡಗಿತು.

“ಅಯ್ಯ ನಮ್ಮವ್ವಾ! ರೈಲು ಹಾದಿ ತಪ್ಪಿ ಬಜಾರದಾಗ ಬಂದದ!” ಎಂದು ಸುಗಲಾ ನನ್ನ ರಟ್ಟೆ ಹಿಡಿದಳು.

ಹಾದಿ ತಪ್ಪಿರಲಿಲ್ಲ. ರಸ್ತೆಯಲ್ಲೇ ಹಳಿ ಹುದುಗಿಸಿದ್ದರು. ಅದು ಬಂದು ನಮ್ಮೆದುರಿಗೇ ನಿಂತಿತು. ಕಿಟಕಿ ಕಂಡಿತು. ಕಿಟಕಿಯ ಪಕ್ಕದ ಸೀಟು ಖಾಲಿ ಇರುವುದೂ ಕಂಡಿತು. ಇಷ್ಟು ಕಂಡ ಮೇಲೆ ಆಳಂದದವಳ ಕೈ ಸುಮ್ಮನಿರುತ್ತದೆಯೇ? ಗಂಟನ್ನು ಎತ್ತಿ ಕಂಬಿಗಳ ಮೇಲಿನ ಸಂದಿಯಿಂದ ಒಳಗೆ ಒಗೆದೆ. ಸೀಟಿನ ಮೇಲೇ ಬಿತ್ತು. ಟವೆಲ್ಲಿನ ಒಂದು ಚುಂಗು ಕಂಬಿಗೆ ಸಿಕ್ಕಿ ಹೊರಗೆ ಜೋತಾಡಿತು.

“ಭಲೆ!” ಎಂದರು ಕರೀಂ ಸರ್.

ಆಮೇಲೆ ನಾವೇನು ಮಾಡಿದೆವು ಹೇಳಿ ನೋಡೋಣ. ಏನೂ ಮಾಡಲಿಲ್ಲ! ಟವೆಲ್ ಬಿದ್ದಿದೆ, ಸೀಟು ನಮ್ಮದಾಗಿದೆ, ಇನ್ನೇನು ಅವಸರ? ಹುಡುಗಿಯರು ನಳದ ಹತ್ತಿರ ನೀರು ಕುಡಿಯಲು ಹೋದರು. ನಾನು ಜಡೆಯ ರಿಬ್ಬನ್ ಬಿಗಿ ಮಾಡಿಕೊಂಡೆ. ಸರ್ ಪಾನಿನ ಡಬ್ಬಿ ತೆಗೆದು ಎಲೆಗೆ ಸುಣ್ಣ ಹಚ್ಚತೊಡಗಿದರು. ಡ್ರೈವರ್ ಇಳಿದು ಚಹಾಕ್ಕೆ ಹೋಗುತ್ತಾನೆಂದು ಎಲ್ಲರೂ ಕಾಯುತ್ತಿದ್ದೆವು. ಅವನು ಇಳಿಯಲಿಲ್ಲ. ಗಂಟೆ ಬಾರಿಸಿದ. ನಮ್ಮ ಕಣ್ಣೆದುರಿಗೇ ಟ್ರಾಮು ಹೊರಟುಹೋಯಿತು.

“ನಿಂದ್ರಸ್ರೀ! ಟವೆಲ್ ಹಾಕೀವ್ರೀ!” ಎಂದು ಚೀರಿದೆ. ಕಲಕತ್ತೆಯಲ್ಲಿ ಯಾರಿಗೆ ತಿಳಿಯಬೇಕು?

ಸರ್ ಕೈಯಲ್ಲಿದ್ದ ಪಾನು ಕೆಳಗೆ ಬಿತ್ತು. ಅವರು ಓಡಿ ಹೋಗಿ ಅಲ್ಲಿದ್ದ ಛತ್ರಿಯ ಮುದುಕರೊಬ್ಬರನ್ನು ಹಿಡಿದುಕೊಂಡು ನಮ್ಮ ಕಡೆಯ ಉರ್ದುವಿನಲ್ಲಿ, “ಕಪಡೇ ಗಯೇ ಸಾಬ್, ಹಮಾರೇ ಸಬ್ ಕಪಡೇ ಗಯೇ!” ಎಂದರು. ಬಟ್ಟೆಯೆಲ್ಲ ಹೋಯಿತು ಎನ್ನುವ ಈ ಮನುಷ್ಯನ ಮೈಮೇಲೆ ಅಂಗಿ, ಪ್ಯಾಂಟು, ಸ್ವೆಟರ್ ಎಲ್ಲ ಇದ್ದವು. ಮುದುಕರು ಅವರನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ನನಗೆ ನಗು ಬರಲಿಲ್ಲ. ಅಂಗಿ ಇಲ್ಲದಿದ್ದರೆ ಆಟ ಇಲ್ಲ, ಆಟ ಇಲ್ಲದಿದ್ದರೆ ಕಂಬ ಇಲ್ಲ. ಸಾವ್ಕಾರ್ರ ಆಳುಗಳು ಕಂಬ ಕೀಳುವುದು ಕಣ್ಣಿಗೆ ಕಟ್ಟಿ ನಡುರಸ್ತೆಯಲ್ಲಿ ಗೊಳೋ ಎಂದು ಅತ್ತೆ.

ಮುದುಕರಿಗೆ ಕಡೆಗೂ ಸಂಗತಿ ತಿಳಿಯಿತು. ಅವರು ನಕ್ಕು ಕೈ ತೋರಿಸಿದರು. ನೋಡಿದರೆ ಹಿಂದಿನಿಂದ ಇನ್ನೊಂದು ಟ್ರಾಮು ಬರುತ್ತಿದೆ! ಆಗಲೇ! ನಾನು ಅಳುವುದನ್ನು ನಿಲ್ಲಿಸಿಬಿಟ್ಟೆ. ಒಂದು ಹೋದ ಬೆನ್ನಿಗೇ ಇನ್ನೊಂದು ಬರುವುದನ್ನು ನಾನು ಜನ್ಮದಲ್ಲಿ ಮೊದಲ ಸಲ ನೋಡಿದ್ದೆ. ಹತ್ತಿದೆವು. ಮೆಟ್ಟಿಲು ಎಷ್ಟು ಕೆಳಗಿತ್ತೆಂದರೆ ನನ್ನ ಮುಂದೆ ಕೋಲು ಹಿಡಿದ ಮುದುಕಿಯೊಬ್ಬಳು ಯಾರ ಕೈಯನ್ನೂ ಹಿಡಿಯದೆ ಹತ್ತಿದಳು. ಯಾರೂ ನೂಕಲಿಲ್ಲ.

“ಜಲ್ದಿ ಬಿಡ್ರಿ, ಮುಂದಿನದನ್ನ ದಾಟ್ರಿ!” ಎಂದು ಸರ್ ಕಂಡಕ್ಟರನಿಗೆ ಕೈಮುಗಿದು ಹಿಂದಿಯಲ್ಲಿ ಬೇಡಿಕೊಂಡರು. ಅವನು ಹಳಿಯ ಕಡೆ ಬೆರಳು ಮಾಡಿ ತಲೆ ಅಲ್ಲಾಡಿಸಿದ. ಹೋಗುವುದಕ್ಕೊಂದು, ಬರುವುದಕ್ಕೊಂದು ಹಳಿ, ಮುಂದಿನದನ್ನು ಹಿಂದಿನದು ದಾಟುವುದು ಹೇಗೆ? ಸರ್ ತಲೆ ಮೇಲೆ ಕೈ ಹೊತ್ತು ಕೂತರು. “ಪೊಲೀಸ್ ಠಾಣೆಗೆ ಹೋಗೂನು” ಎಂದರು. ಪೊಲೀಸರು ಅಂಗಿ ಹುಡುಕಿ ಕೊಡುವಷ್ಟರಲ್ಲಿ ನಮ್ಮ ಎದುರಾಳಿಗಳು ಕಪ್ ಹಿಡಿದು ಊರು ಸೇರುತ್ತಿದ್ದರು.

ಸುಗಲಾ ಕಿಟಕಿಯಿಂದ ತಲೆ ಹಾಕಿ ಹಳಿಯನ್ನೇ ನೋಡುತ್ತಿದ್ದಳು.

“ಸರ್, ಇದು ಹಿಡ್ದ ದಿಕ್ಕ ಬಿಡೂದಿಲ್ಲಲ್ರಿ?”

“ಹಳಿ ಬಿಟ್ಟು ಎಲ್ಲಿಗೆ ಹೋಗ್ತದ ಬೇ?”

“ಹಂಗಂದ್ರ ಅದು ಕಂಬ ಮುಟ್ಟಿ ತಿರುಗಿ ಇದಾ ಹಾದೀಲೆ ಬರ್ಬೇಕು. ನಾವು ಬೆನ್ನು ಹತ್ತೂದ್ಯಾಕ್ರಿ? ಮೈದಾನದ ಹಂತ್ಯಾಕ ಇಳದು, ಆ ಕಡೀ ಹಳಿ ಬಾಜೂಕ ಕುಂದ್ರೂನು. ತಾನಾ ಬರ್ತದ.”

ಸರ್ ಅವಳನ್ನೇ ನೋಡಿದರು. “ಅರೆ ಶಾಬಾಸ್!” ಎಂದು ತೊಡೆ ತಟ್ಟಿಕೊಂಡರು.

ಮೈದಾನದ ಹತ್ತಿರ ಇಳಿದು ಎದುರು ಹಳಿಯ ಪಕ್ಕದಲ್ಲಿ ಸಾಲಾಗಿ ಕೂತೆವು. ಚೌಕದಲ್ಲಿ ಕೂಡುವ ಹಾಗೆ, ಒಬ್ಬಳ ಮುಖ ಆಚೆ, ಒಬ್ಬಳ ಮುಖ ಈಚೆ. ಅಭ್ಯಾಸ, ಏನು ಮಾಡುವುದು! ಹೋಗಿ ಬರುವವರು ನಿಂತು ನೋಡಿದರು. ಮೈದಾನದ ಒಳಗಿನಿಂದ ನಮ್ಮ ಊರಿನ ಹೆಸರನ್ನು ತಪ್ಪು ತಪ್ಪಾಗಿ ಮೈಕಿನಲ್ಲಿ ಕೂಗುತ್ತಿದ್ದರು. ಒಂದು ಟ್ರಾಮು ಬಂತು, ಅದರಲ್ಲಿ ಚುಂಗು ಇರಲಿಲ್ಲ. ಇನ್ನೊಂದು ಬಂತು, ಇರಲಿಲ್ಲ. ಮೈಕು ಮತ್ತೆ ಕೂಗಿತು. ಸರ್ ಒಳಗೆ ಓಡಿ ಹೋಗಿ ಅಂಪೈರರ ಕಾಲು ಹಿಡಿಯುವುದೊಂದು ಬಾಕಿ, ಹೇಗೋ ಆಟ ತಡೆದು ಬಂದರು.

ಆಗ ದೂರದ ತಿರುವಿನಲ್ಲಿ ಕೆಂಪು ಚೌಕಡಿ ಕಂಡಿತು. ಅಪ್ಪನ ಟವೆಲ್ಲು, ನೋಡ್ರಿ! ಕಲಕತ್ತೆಯ ಗಾಳಿಗೆ ಪಟಪಟ ಹಾರಾಡುತ್ತ ಬರುತ್ತಿತ್ತು. ಸುಗಲಾ ಎದ್ದು ಓಡಿದಳು. ಓಡುವ ಬಸ್ಸನ್ನೇ ಹಿಡಿದವಳಿಗೆ ಈ ಗಾಡಿ ಯಾವ ಲೆಕ್ಕ? ಅದು ಇನ್ನೂ ನಿಲ್ಲುತ್ತಿರುವಾಗಲೇ ಹಾರಿ ಹತ್ತಿದಳು. ನಾನೂ ಹಿಂದೆ ಹೋದೆ.

ಒಳಗೆ ಕಂಡದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಡಬ್ಬಿಯ ತುಂಬ ಮಂದಿ. ಆಫೀಸಿನವರು, ಸಂತೆ ಚೀಲದ ಹೆಂಗಸರು, ಹಿಡಿಕೆ ಹಿಡಿದು ಎಷ್ಟೋ ಜನ ನಿಂತಿದ್ದಾರೆ. ನಮ್ಮ ಗಂಟು ಮಾತ್ರ ಕಿಟಕಿಯ ಪಕ್ಕದ ಸೀಟಿನಲ್ಲಿ ತಾನೊಂದೇ ಕೂತಿದೆ! ಯಾರೂ ಅದನ್ನು ಸರಿಸಿರಲಿಲ್ಲ. ನಮ್ಮ ಕಾನೂನು ಇವರಿಗೂ ಗೊತ್ತಿದೆ ಎಂದು ನನಗೆ ಅನಿಸಿತು. ಕಂಡಕ್ಟರ್ ನಗುತ್ತ ಗಂಟನ್ನು ಎತ್ತಿ ಕೊಟ್ಟ, ಅದಕ್ಕೆ ಟಿಕೀಟು ಹರಿಯಬೇಕಿತ್ತೆಂದು ಕೈಸನ್ನೆಯಲ್ಲಿ ಚಾಷ್ಟಿ ಮಾಡಿದ. ನಿಂತವರೆಲ್ಲ ನಕ್ಕರು. ಒಬ್ಬ ಹೆಂಗಸು ನನ್ನ ಗಲ್ಲ ಹಿಂಡಿ ಏನೋ ಹೇಳಿದಳು, ತಿಳಿಯಲಿಲ್ಲ. ನಾನು “ಹೌದ್ರೀ” ಎಂದೆ.

ಅರೆಹಸಿ ಅಂಗಿ ತೊಟ್ಟು ಮೈದಾನಕ್ಕೆ ಇಳಿದೆವು. ಆಟದ ವರ್ಣನೆ ಶುರು ಮಾಡಿದರೆ ನೀವು ಎದ್ದು ಹೋಗುತ್ತೀರಿ, ನಮ್ಮ ಮನೆಯವರೂ ಹಾಗೇ ಮಾಡುತ್ತಾರೆ. ಒಂದೇ ಮಾತು. ಕಡೆಯ ಗಳಿಗೆಯಲ್ಲಿ ಎದುರಿನವರ ಗಟ್ಟಿ ಓಟಗಾತಿ ಸುಗಲಾಳ ಬೆನ್ನ ಹಿಂದೆ ನಿಂತು ಅಣಕಿಸಿದಳು. ಮೊದಲಿನ ಸುಗಲಾ ಆಗಿದ್ದರೆ ಅಲ್ಲೇ ತಿರುಗಿ ಫೌಲು ಮಾಡಿಕೊಳ್ಳುತ್ತಿದ್ದಳು. ಈಗ ತಿರುಗಲಿಲ್ಲ. ಹಿಡಿದ ದಿಕ್ಕಿನಲ್ಲೇ ಹೋದಳು, ಕಂಬ ಮುಟ್ಟಿದಳು, ತಿರುಗಿ ಬಂದು ನೆಲಕ್ಕೆ ಚಾಚಿ ಬಿದ್ದು ಅವಳ ಹಿಮ್ಮಡಿ ಮುಟ್ಟಿದಳು. ಗೆದ್ದೆವು! ಕರೀಂ ಸರ್ ಮಗುವಿನಂತೆ ಅತ್ತರು, ಅವರನ್ನು ಸುಮ್ಮನಿರಿಸುವುದೇ ನಮಗೆ ಸಾಕಾಯಿತು.

ವಾಪಸು ಬರುವಾಗ ಮತ್ತೆ ಟ್ರಾಮು. ಈ ಸಲ ನಾನು ಏನನ್ನೂ ಒಗೆಯಲಿಲ್ಲ. ಒಂದರಲ್ಲಿ ಮಂದಿ ಹೆಚ್ಚು ಕಂಡಿತು, ಬಿಟ್ಟೆವು. ಬಿಟ್ಟೆವು ಅಂದೆನಲ್ಲ, ಕೇಳಿಸಿತೇ? ಬಂದ ಗಾಡಿಯನ್ನು ‘ಹೋಗಲಿ ಬಿಡು’ ಎನ್ನುವ ದೊಡ್ಡಸ್ತಿಕೆ ನಮ್ಮ ವಂಶದಲ್ಲಿ ಅದೇ ಮೊದಲು. ಇನ್ನೊಂದು ಬಂತು. ಕಪ್ಪನ್ನು ತೊಡೆಯ ಮೇಲಿಟ್ಟುಕೊಂಡು ಆರಾಮಾಗಿ ಕೂತೆ. ಅಂಗಡಿಗಳ ದೀಪ, ಪುಸ್ತಕದ ಸಾಲು, ಮೀನಿನ ಸಂತೆ, ಎಲ್ಲ ಮೆಲ್ಲಗೆ ಕಿಟಕಿಯ ಪಕ್ಕದಲ್ಲಿ ಹಾಯುತ್ತಿದ್ದವು. ಒಬ್ಬಂಟಿ ಹೆಂಗಸರು ಹತ್ತುತ್ತಿದ್ದರು, ಇಳಿಯುತ್ತಿದ್ದರು. ಇನ್ನೊಂದು ಬರುತ್ತದೆ ಎಂಬ ನಂಬಿಕೆ ಇದ್ದರೆ ಮನುಷ್ಯರು ಎಷ್ಟು ಒಳ್ಳೆಯವರಾಗಿಬಿಡುತ್ತಾರೆ ಎಂದು ಆ ಸಂಜೆ ನನಗೆ ಖರೇ ಅನಿಸಿತು. ಅಲ್ಲಿಂದ ಊರಿಗೆ ಬರುವ ರೈಲಿನಲ್ಲಿ ಇಡೀ ದಾರಿ ನಾನೂ ಸುಗಲಾಳೂ ನಮ್ಮ ಕಡೆ ಟ್ರಾಮಿನ ಹಳಿ ಹಾಕಿದೆವು. ಹಿರೋಳ್ಳಿಯಿಂದ ಆಳಂದಕ್ಕೆ ಬಂದು, ಮಾದನಹಿಪ್ಪರಗಾದಲ್ಲಿ ಸುಗಲಾಳ ಮನೆಯ ಬಾಗಿಲಿಗೇ ಒಂದು ಸ್ಟಾಪು ಕೊಟ್ಟು, ಅಫಜಲಪುರ ದಾಟಿ, ಕರಜಗಿಯ ಕಬ್ಬಿನ ಗದ್ದೆಗಳ ನಡುವೆ ಹೋಗಿ ಬರುವ ಹಾಗೆ. ಜೇವರ್ಗಿಗೆ ಹಳಿ ಹಾಕುವುದು ಬೇಡವೆಂದು ಅವಳು, ಸೋತವರಿಗೂ ಇರಲೆಂದು ನಾನು, ಸೊಲ್ಲಾಪುರದವರೆಗೂ ಜಗಳಾಡಿದೆವು.

ಗುಲ್ಬರ್ಗಾದಲ್ಲಿ ರೈಲು ಇಳಿದು ಬಸ್ ಸ್ಟ್ಯಾಂಡಿಗೆ ಬಂದ ಕೂಡಲೇ ದೊಡ್ಡಸ್ತಿಕೆಯೆಲ್ಲ ಇಳಿಯಿತು. ಆಳಂದದ ಬಸ್ಸಿನ ಸುತ್ತ ಅದೇ ಗದ್ದಲ. ಟವೆಲ್ ಕೈಗೆ ತೆಗೆದುಕೊಂಡು ಓಡಿದೆ. ಒಂದು ಕಿಟಕಿ ನೋಡಿದೆ, ಸೀಟಿನ ಮೇಲೆ ಟವೆಲ್ಲು. ಮುಂದಿನದು ನೋಡಿದೆ, ಟವೆಲ್ಲು. ಮುಂದಿನ ಸೀಟುಗಳೆಲ್ಲ ತುಂಬಿದ್ದವು. ಎಲ್ಲಕ್ಕಿಂತ ಮುಂದಿನ ಸೀಟಿನ ಮೇಲೆ ಹಸಿರು ರೇಷ್ಮೆ ಅಂಚಿನ ವಲ್ಲಿ! ಸಾವ್ಕಾರ್ರೂ ಇದೇ ಬಸ್ಸಿನಲ್ಲಿ ಇದ್ದಾರೆ. ನಿಂತೇ ಹೋಗುವುದೆಂದು ಕಪ್ ಹೊತ್ತುಕೊಂಡು ಹತ್ತಿದೆವು.

ಸಾವ್ಕಾರ್ರು ನಿಂತಿದ್ದರು. ಜೀವಮಾನದಲ್ಲಿ ಬಸ್ಸಿನಲ್ಲಿ ನಿಂತವರಲ್ಲ, ಮೇಲಿನ ಸರಳನ್ನು ಎರಡೂ ಕೈಯಿಂದ ಹಿಡಿದು ನಿಂತಿದ್ದರು. ಅವರ ಹಿಂದೆ ಆಳಂದದ ಇನ್ನೂ ಹಲವರು ನಿಂತಿದ್ದರು. ಗೆದ್ದೆವೆಂದು ಕರೀಂ ಸರ್ ಕಲಕತ್ತೆಯಿಂದ ಕೊಟ್ಟ ತಾರು ಮುಟ್ಟಿ, ನಮ್ಮನ್ನು ಕರೆದೊಯ್ಯಲು ಇವರೆಲ್ಲ ಗುಲ್ಬರ್ಗಾಕ್ಕೆ ಬಂದಿದ್ದರು.

“ಏನು ನೋಡಾಕತ್ತೀರಿ ಬೇ? ಕೂಡ್ರಿ” ಎಂದರು ಸಾವ್ಕಾರ್ರು. “ನಿಮಗಂತಾನೇ ಹಾಕೀವಿ.”

ಕೂತೆವು. ಹಸಿರು ವಲ್ಲಿಯನ್ನು ಮಡಚಿ ಅವರ ಕೈಗೆ ಕೊಡಲು ಹೋದೆ, ತೆಗೆದುಕೊಳ್ಳಲಿಲ್ಲ. ಬಸ್ಸು ಊರು ಬಿಟ್ಟ ಮೇಲೆ ಕೇಳಿದರು:

“ಅದೇನೋ ಬೀದ್ಯಾಗ ಓಡೋ ರೈಲಂತಲ್ಲ, ಹ್ಯಾಂಗದ?”

“ಅಲ್ಲಿ ಟವೆಲ್ ಹಾಕೂದಾ ಬ್ಯಾಡ್ರಿ. ಒಂದು ಹೋದ್ರ ಇನ್ನೊಂದು ಬರ್ತದ” ಎಂದಳು ಸುಗಲಾ.

“ಹಂಗಾದ್ರ ಆ ಮಂದಿ ಜಗಳ ಯಾವಾಗ ಆಡ್ತಾರ?” ಎಂದರು ಸಾವ್ಕಾರ್ರು. ಬಸ್ಸೆಲ್ಲ ನಕ್ಕಿತು. ಆ ನಗುವಿನಲ್ಲಿ ನನಗೆ ಧೈರ್ಯ ಬಂತು.

“ಸಾವ್ಕಾರ್ರ, ಮತ್ತ ಮೈದಾನ?”

ಅವರು ನನ್ನ ಕಡೆ ನೋಡಿದರು, ಸುಗಲಾಳ ಕಡೆ ನೋಡಿದರು.

“ಮುಂಜಾನಿ ಆಳಂದದಾಗ ಬಸ್ ಹತ್ತೂಕಿಂತ ಮೊದಲ ಮೈದಾನಕ್ಕ ಹೋಗಿದ್ದೆ” ಎಂದರು. “ನಿಮ್ಮ ಕಂಬಕ್ಕ ನನ್ನ ಇನ್ನೊಂದು ವಲ್ಲಿ ಕಟ್ಟಿ ಬಂದೀನಿ. ತೆಗಿಯಂವ ಯಾರರೆ ಇದ್ರ ತೆಗೀಲಿ, ನೋಡೂನು!”

ಆಳಂದದಲ್ಲಿ ಇಳಿದವರು ಯಾರೂ ಮನೆಗೆ ಹೋಗಲಿಲ್ಲ. ಕಪ್ ಹಿಡಿದುಕೊಂಡೇ ಮೈದಾನಕ್ಕೆ ಓಡಿದೆವು. ಬಿಸಿಲು ಇಳಿಯುತ್ತಿತ್ತು. ಎರಡೂ ಕಂಬಗಳು ನಿಂತಲ್ಲೇ ನಿಂತಿದ್ದವು, ಒಂದಕ್ಕೆ ಹಸಿರು ಅಂಚಿನ ವಲ್ಲಿ ಬಿಗಿದಿತ್ತು. ಕ್ರಿಕೆಟ್ಟಿನ ಹುಡುಗರು ಬ್ಯಾಟು ಬಗಲಲ್ಲಿಟ್ಟುಕೊಂಡು ದೂರದಲ್ಲಿ ನಿಂತು ಅದನ್ನೇ ನೋಡುತ್ತಿದ್ದರು. ನಾವು ಚಪ್ಪಲಿ ಬಿಟ್ಟು, ಹೋಗಿ, ನಮ್ಮ ನಮ್ಮ ಚೌಕದಲ್ಲಿ ಕೂತೆವು. ಸುಗಲಾ ಕಂಬ ಮುಟ್ಟಿ ತಿರುಗಿ ಬಂದು, ನನ್ನ ಬೆನ್ನಿಗೆ ಒಂದು ಬಾರಿಸಿ, ಊರಿಗೆಲ್ಲ ಕೇಳುವ ಹಾಗೆ ಕೂಗಿದಳು: “ಖೋ!”